ಸೆರಗಿಗೆ ಎತ್ತಿದ ಕೈ

ಇಲ್ಲಿನ ನೋಟು ಮೊದಲ ಸಲ ಕೈಗೆ ಬಂದಾಗ ಅದರ ಮೇಲಿನ ಮುಖ ನೋಡಿ, "ಇವರು ತೀರಿಕೊಂಡು ಎಷ್ಟು ವರ್ಷವಾಯಿತು?" ಎಂದು ಅಂಗಡಿಯವಳನ್ನು ಕೇಳಿಬಿಟ್ಟೆ. ಅವಳು ಗಾಬರಿಯಿಂದ ಬಾಗಿಲ ಕಡೆ ನೋಡಿದಳು. "ಅವರು ನಮ್ಮ ರಾಜರು, ಚೆನ್ನಾಗಿದ್ದಾರೆ" ಎಂದಳು. ನೋಟಿನ ಮೇಲೆ ಕಾಲವಾದವರೇ ಇರುತ್ತಾರೆ ಎಂದುಕೊಂಡಿದ್ದ ಹಗರಿಬೊಮ್ಮನಹಳ್ಳಿ ಸೀಮೆಯ ಹೆಣ್ಣು ನಾನು.

ಎಸ್ವಾತಿನಿ, ಆಫ್ರಿಕಾದ ದಕ್ಷಿಣದ ಪುಟ್ಟ ದೇಶ. ಯಜಮಾನರು ಕೊಟ್ರೇಶ್ ಇಲ್ಲಿನ ಸಕ್ಕರೆ ಕಾರ್ಖಾನೆಗೆ ಬಂದರು, ಅವರ ಬೆನ್ನಿಗೆ ನಾನು ಬಂದು ಶಾಲೆಯಲ್ಲಿ ಭೂಗೋಳ ಕಲಿಸತೊಡಗಿದೆ. ಜೋಳದ ರೊಟ್ಟಿಯ ಬದಲು ಮೆಕ್ಕೆಜೋಳದ ಮುದ್ದೆ, ಅದಕ್ಕೆ ಊರಿಂದ ತಂದ ಶೇಂಗಾ ಚಟ್ನಿ. ಮೊದಲ ತಿಂಗಳು ಮಾತಾಡಲು ಯಾರೂ ಇಲ್ಲದೆ ಒಲೆಯ ಜೊತೆ ಮಾತಾಡಿದ್ದೂ ಉಂಟು.

ತರಗತಿಯಲ್ಲಿ ಮಕ್ಕಳಿಂದ ಖಂಡದ ನಕ್ಷೆಗೆ ಬಣ್ಣ ಹಚ್ಚಿಸುತ್ತಿದ್ದೆ. ಮತದಿಂದ ಸರ್ಕಾರ ಬದಲಾಗುವ ಘಾನಾಕ್ಕೆ ಹಸಿರು, ಸೈನಿಕರು ಆಳುವ ಮಾಲಿಗೆ ಕೆಂಪು, ರಾಜನಿದ್ದೂ ಪ್ರಧಾನಿ ಆಳುವ ಲೆಸೋಥೊಗೆ ಹಸಿರಿನ ಮೇಲೆ ಹಳದಿ ಗೀರು. "ನಮಗೆ ಯಾವ ಬಣ್ಣ ಟೀಚರ್?" ಎಂದಳೊಬ್ಬಳು. ಇಲ್ಲಿ ಅಧಿಕಾರ ರಾಜನದು, ಚುನಾವಣೆಯೂ ಉಂಟು, ಪಕ್ಷಗಳಿಲ್ಲ. ಸದ್ಯಕ್ಕೆ ಖಾಲಿ ಬಿಡಿ ಎಂದೆ.

ನಮ್ಮ ಮನೆಯೊಡತಿ ನೋಂಸಾ, ಸಮವಸ್ತ್ರ ಹೊಲಿಯುವವಳು, ಇದನ್ನು ಕೇಳಿ ನಕ್ಕಳು. "ಮೊದಲು ಬಂದು ನೋಡು, ಆಮೇಲೆ ಬಣ್ಣ ಹಚ್ಚು. ಈ ಸಲದ ಚುನಾವಣೆಗೆ ನಾನೂ ನಿಲ್ಲುತ್ತಿದ್ದೇನೆ. ಹೋದ ಸಲ ನನಗೆ ಸಾಕಷ್ಟು ಕೈ ಏಳಲಿಲ್ಲ."

ಅಭ್ಯರ್ಥಿಗಳ ಹೆಸರು ಸೂಚಿಸಿ, ಕೈ ಎತ್ತಿಸಿ ಒಪ್ಪುವುದು ಉಂಫಕಾಟ್ಸಿಯಲ್ಲಿ. ಊರ ಮುಖ್ಯಸ್ಥನ ಮನೆಗೂ ಅಲ್ಲಿ ಸೇರುವ ಜನಕ್ಕೂ ಅದೇ ಮಾತು, ನಮ್ಮ ಚಾವಡಿ ಇದ್ದಂತೆ. ಹೆಂಗಸರು ತಲೆ ಮುಚ್ಚಿಕೊಂಡೇ ಹೋಗಬೇಕು. ಅಷ್ಟು ನನಗೆ ಯಾರೂ ಕಲಿಸಬೇಕಿರಲಿಲ್ಲ. ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ನೆಲಕ್ಕೆ ಕುಳಿತೆ.

ನೋಂಸಾಳ ಹೆಸರು ಕೂಗಿದರು. ಕೈಗಳು ಎದ್ದವು. ಎಣಿಸುವ ಮುದುಕ ಕೋಲು ಹಿಡಿದು ನಡೆದು ಬಂದ. ಅಷ್ಟರಲ್ಲಿ ಗಾಳಿ ಬೀಸಿ ನನ್ನ ಸೆರಗು ಜಾರಿತು. ನಮ್ಮೂರ ಗೌಡರ ಮುಂದೆ ಮಾಡುವ ಹಾಗೆ ಥಟ್ಟನೆ ಕೈ ಎತ್ತಿ ಎಳೆದುಕೊಂಡೆ. ಮುದುಕ ನನ್ನನ್ನೂ ಎಣಿಸಿಬಿಟ್ಟ.

"ಆ ಪರದೇಶದವಳನ್ನೂ ಎಣಿಸಿದಿರಿ, ಈ ಹೆಸರು ನಡೆಯುವುದಿಲ್ಲ" ಎಂದು ಗಂಡಸೊಬ್ಬ ಎದ್ದು ನಿಂತ. ಇಡೀ ಬಯಲು ನನ್ನತ್ತ ತಿರುಗಿತು. ನೋಂಸಾಳ ಮುಖ ಬಾಡಿತು. ನನಗೆ ಸತ್ತುಹೋಗಬೇಕು ಅನ್ನಿಸಿತು. ಎದ್ದು ನಿಂತು, ಅವರ ಭಾಷೆಯಲ್ಲಿ ಹೇಳಲು ಬಾರದೆ, ಸೆರಗು ಬೀಳಿಸಿ ಮತ್ತೆ ಹೊದ್ದು ತೋರಿಸಿದೆ. ಯಾರೋ ನಕ್ಕರು.

"ಮತ್ತೆ ಎಣಿಸೋಣ" ಎಂದ ಮುದುಕ. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತೆ. ಸೆರಗು ಮತ್ತೆ ಜಾರಿ ಹೆಗಲಿಗೆ ಬಿತ್ತು. ಬರಿದಲೆಯಲ್ಲೇ ಕುಳಿತೆ, ಯಾರೂ ಏನೂ ಅನ್ನಲಿಲ್ಲ. ಮೊದಲು ಸುಮ್ಮನಿದ್ದ ಪಕ್ಕದ ಇಬ್ಬರು ಹೆಂಗಸರು ನನ್ನನ್ನೊಮ್ಮೆ ನೋಡಿ ಕೈ ಎತ್ತಿದರು. ನೋಂಸಾಳ ಹೆಸರು ಉಳಿಯಿತು.

"ನಿನಗ್ಯಾಕ ಬೇಕಿತ್ತು ಅವರ ಎಲೆಕ್ಷನ್ನು? ಪರ್ಮಿಟ್ ಹೋದ್ರ ಗಂಟುಮೂಟಿ ಕಟ್ಟಬೇಕಾಕ್ಕೈತಿ" ಎಂದು ಕೊಟ್ರೇಶ್ ಬೈದರು. ಸೋಮವಾರ ಮಕ್ಕಳು ಈ ದೇಶಕ್ಕೆ ರಾಜನ ಹಳದಿ ಹಚ್ಚಿದರು. ಅದರ ನಡುವೆ ಹಸಿರು ಚುಕ್ಕೆ ಇಟ್ಟವಳು ಯಾರೆಂದು ನಾನು ಕೇಳಲಿಲ್ಲ.

ಆ ವಾರ ಕೋಗಳಿ ಹತ್ತಿರದ ನಮ್ಮೂರಿಂದ ಚಿಗವ್ವ ಫೋನು ಮಾಡಿದಳು. ಅಲ್ಲೂ ಪಂಚಾಯ್ತಿ ಚುನಾವಣೆ.

"ಓಟು ಹಾಕಿದ್ಯಾ ಚಿಗವ್ವ?"

"ಎಲ್ಲಿ ಓಟವ್ವ, ಅವಿರೋಧ ಆಗೈತಿ. ಹಿರೇರು ಕಟ್ಟಿ ಮ್ಯಾಲ ಕುಂತು ಹೆಸರು ಬರದುಕೊಟ್ರು."

"ನಿನ್ನ ಕೇಳಿದ್ರೇನು?"

"ನನ್ನ ಯಾರು ಕೇಳ್ತಾರ? ಚಾ ಮಾಡಿ ಕಳಿಸಿದೆ."

ನನ್ನ ಕಥೆ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

"ಅಲ್ಲಿ ಹೆಂಗಸ್ರು ಎಲ್ಲಾರ ಮುಂದ ಕೈ ಎತ್ತತಾರಾ?"

"ಎತ್ತತಾರ."

"ನಿನ್ನ ಹೆಸರು ಇನ್ನೂ ಇಲ್ಲಿ ಪಟ್ಟಿಯಾಗ ಐತಿ. ಮುಂದಿನ ಸಲ ಊರಿಗೆ ಬಾ. ಇಬ್ಬರೂ ಹೋಗಿ ಕಟ್ಟಿ ಮುಂದ ನಿಂದ್ರೂಣು."

"ಬರ್ತೀನಿ" ಎಂದೆ. ಅಷ್ಟರಲ್ಲಿ ಕಿಟಕಿಯಾಚೆ ನೋಂಸಾ ಮತ ಕೇಳಲು ಮನೆಮನೆಗೆ ಹೊರಟು ನನ್ನನ್ನು ಕೂಗಿದಳು. ಫೋನು ಕಿವಿಯಲ್ಲೇ ಇತ್ತು. ಇನ್ನೊಂದು ಕೈ ಎತ್ತಿ ಅವಳಿಗೂ "ಬಂದೆ" ಎಂದೆ.