ನಮ್ಮತ್ತಿಯ ಕೇಸರಿ ಬಟ್ಟಲು

ನಮ್ಮತ್ತಿ ಗೌರವ್ವ ಪೇಟೆಗೆ ಹೊರಟರೆಂದರೆ ಅವರ ಕೈಚೀಲದಲ್ಲಿ ಒಂದು ಬಿಳಿ ಪಿಂಗಾಣಿ ಬಟ್ಟಲು ಇದ್ದೇ ಇರುತ್ತಿತ್ತು. ಚಪ್ಪಲಿ ಮರೆತಾರು, ಬಟ್ಟಲು ಮರೆಯುತ್ತಿರಲಿಲ್ಲ. ಅಥಣಿಯಿಂದ ಆಗಷ್ಟೇ ಸೊಸೆಯಾಗಿ ಬೇಡಕಿಹಾಳಕ್ಕೆ ಬಂದಿದ್ದ ನನಗೆ ಸೋಜಿಗ: ಈ ದೊಡ್ಡ ಮನೆತನದ ಹೆಣ್ಣುಮಗಳು ದಾರಿಯಲ್ಲಿ ಯಾರ ಮನೆಯ ಸಾರು ಬೇಡಿ ಉಣ್ಣುತ್ತಾಳಪ್ಪ? ಆಮೇಲೆ ತಿಳಿಯಿತು, ಅದು ಕೇಸರಿ ಪರೀಕ್ಷೆಯ ಬಟ್ಟಲು.

ಯುಗಾದಿಯ ಶ್ರೀಖಂಡಕ್ಕೆ ಕೇಸರಿ ತರಲು ನಿಪ್ಪಾಣಿಗೆ ಹೋಗುವುದು ನಮ್ಮ ಮನೆಯಲ್ಲಿ ಹಬ್ಬಕ್ಕಿಂತ ದೊಡ್ಡ ಹಬ್ಬ. ಅಂಗಡಿಯ ಕಟ್ಟೆ ಹತ್ತಿದ ಕೂಡಲೇ ಅತ್ತಿಯ ಮೊದಲ ಅಪ್ಪಣೆ, "ಫ್ಯಾನ್ ಬಂದ್ ಮಾಡೋ ತಮ್ಮಾ, ಎಳಿ ಹಾರತಾವು." ಮಾಲೀಕ ಪಾಪ, ಬೆವರು ಒರೆಸಿಕೊಳ್ಳುತ್ತ, "ಮಾವಶಿ, ಚಹಾ ಘ್ಯಾ" ಎಂದು ಮರಾಠಿಯಲ್ಲಿ ಉಪಚಾರ ಮಾಡಲು ಬಂದರೆ, "ನಕೋ ರೇ ಬಾಬಾ! ಚಹಾ ಕುಡದರ ನಾಲಿಗಿ ಕೆಡತೈತಿ. ತಣ್ಣೀರ ಕೊಡು" ಎನ್ನುತ್ತಿದ್ದರು. ಬಟ್ಟಲಿಗೆ ನೀರು ಬೀಳುತ್ತಿತ್ತು, ನೀರಿಗೆ ಎರಡೆಳೆ ಕೇಸರಿ. ಅಷ್ಟೇ, ಇನ್ನು ಅತ್ತಿ ಅಲ್ಲಾಡುವವರಲ್ಲ. ಹಿಂದೆ ಗಿರಾಕಿಗಳು ಗೊಣಗಲಿ, ಬೇಡಕಿಹಾಳದ ಬಸ್ಸು ಹೋಗಲಿ, ನನ್ನ ಹೊಟ್ಟೆ ತಾಳ ಹಾಕಲಿ, ಅವರು ಬಟ್ಟಲಿನಿಂದ ಕಣ್ಣು ತೆಗೆಯುತ್ತಿರಲಿಲ್ಲ.

"ನೋಡವಾ ಸುಶೀಲಾ, ಪುಡಿ ಎಂದೂ ತಗೋಬ್ಯಾಡ. ಪುಡಿಯಾಗ ಏನ ಬೇಕಾದ್ದು ಕೂಡಸತಾರ. ಎಳಿ ತಗೋ. ಎಳಿ ತುದಿ ತುತ್ತೂರಿಯಂಗ ಅಗಲ ಇರಬೇಕು. ಬುಡಕ್ಕ ಹಳದಿ ಬಾಲ ಭಾಳ ಇದ್ರ ತೂಕಕ್ಕ ಅಂತ ಬಿಟ್ಟಾರ ಅನ್ನು. ನೀರಾಗ ಬಿದ್ದ ಕೂಡಲೇ ಕೆಂಪ ಕಾರಿತಂದ್ರ ಅದು ಬಣ್ಣಾ. ಅಸಲೀದು ಗಡಿಬಿಡಿ ಮಾಡೂದಿಲ್ಲ. ಸಾವಕಾಶ ಹಳದಿ ಬಿಡತೈತಿ, ತಾನು ಮಾತ್ರ ಕೆಂಪಗs ಉಳೀತೈತಿ." ಕೊನೆಗೆ ಒಂದೆಳೆ ನಾಲಿಗೆಯ ಮೇಲೆ. "ವಾಸನಿ ಜೇನಿನಂಗ, ಬಾಯಾಗ ಕಹಿ. ಸಿಹಿ ಹತ್ತಿತಂದ್ರ ಸಕ್ರಿ ನೀರ ಹಚ್ಯಾರ, ಎದ್ದ ನಡಿ!"

ಅವರ ಈ ಕೀರ್ತಿ ಬೀಗರ ಮನೆಗೂ ಮುಟ್ಟಿತ್ತು. ಅದೇ ಒಂದು ದಿನ ಕುತ್ತಿಗೆಗೆ ಬಂತು.

ನನ್ನ ನಾದಿನಿ ಮಂಗಲಾಳನ್ನು ಉಗಾರಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಸೀಮಂತದ ಕುಬಸ ನಮ್ಮ ಮನೆಯಲ್ಲಿ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಕೂರಿಸಿ ಹಾಡುವ ಹೊತ್ತಿಗೆ ಅವಳ ಅತ್ತೆ ಸಾವಿತ್ರವ್ವ ಮಡಿಲಿನಿಂದ ಒಂದು ಬೆಳ್ಳಿ ಡಬ್ಬಿ ತೆಗೆದರು. ತುಂಬ ಕೇಸರಿ! ಊರ ಹೆಂಗಸರೆಲ್ಲ ಕತ್ತು ಚಾಚಿದರು. ಮೊದಲೇ ಸಾವಿತ್ರವ್ವ ಮಾನಿಷ್ಠೆ, ಸಣ್ಣ ಮಾತೂ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಪೈಕಿ. ಬೀಗುತ್ತ ಅಂದರು, "ಅಕ್ಕಾರ, ತರಸ್ರಿ ನಿಮ್ಮ ಬಟ್ಟಲಾ. ಎಲ್ಲಾರ ಮುಂದ ಪರೀಕ್ಷಾ ಆಗ್ಲಿ. ಆಮ್ಯಾಲೆ ಇದs ಕೇಸರಿ ಹಾಲಿಗೆ ಹಾಕಿ ನನ್ನ ಸೊಸಿಗೆ ಕುಡಸ್ರಿ. ದಿನಾ ಕುಡೀಲಿ."

ಅತ್ತಿ ಡಬ್ಬಿಯನ್ನು ಮೂಗಿಗೆ ಹಿಡಿದರು. ಪಕ್ಕದಲ್ಲೇ ಇದ್ದ ನನಗೆ ಅವರ ಕೈ ನಿಂತದ್ದು ಕಂಡಿತು. ಇಣುಕಿ ನೋಡಿದೆ. ಅಯ್ಯ ಶಿವನೇ, ಕುಸುಬಿ ಹೂವಿನ ಎಸಳು! ದನ ನುಗ್ಗದಿರಲೆಂದು ನಮ್ಮ ಜೋಳದ ಹೊಲದ ಸುತ್ತ ಬಿತ್ತುತ್ತೇವಲ್ಲ, ಅದೇ ಮುಳ್ಳು ಕುಸುಬಿ. ಒಣಗಿಸಿ, ಬಣ್ಣ ಕುಡಿಸಿ ಯಾರೋ ಮಾರಿದ್ದರು. ಕಬ್ಬಿನ ಸೀಮೆಯ ಸಾವಿತ್ರವ್ವನಿಗೆ ಅದರ ಗುರುತು ಎಲ್ಲಿಂದ ಸಿಗಬೇಕು?

ಬಟ್ಟಲು ತರಿಸಿದರೆ ಬೀಗತಿಯ ಮರ್ಯಾದೆ ಊರ ಮುಂದೆ ಹೋಗುತ್ತದೆ, ಆ ಸಿಟ್ಟನ್ನು ಮಂಗಲಾ ಜನ್ಮವಿಡೀ ಉಗಾರದಲ್ಲಿ ಉಣ್ಣಬೇಕು. ತರಿಸದೆ ಸುಮ್ಮನಿದ್ದರೆ ಆ ಬಣ್ಣ ಬಸುರಿಯ ಹೊಟ್ಟೆಗೆ.

ಅತ್ತಿ ನಕ್ಕರು. "ಪ್ರೀತಿಲೆ ತಂದದ್ದಕ್ಕ ಎಂಥಾ ಪರೀಕ್ಷಾರಿ? ಬೀಗರು ತಂದದ್ದು ಮೊದಲ ದೇವರಿಗೆ" ಎಂದವರೇ ಡಬ್ಬಿಯನ್ನು ಒಯ್ದು ದೇವರ ಜಗಲಿಯ ಮೇಲೆ ವೀರಭದ್ರನ ಮುಂದೆ ಇಟ್ಟು, ಕೈಮುಗಿದು, ಹಾಲಿಗೆಂದು ಎಲ್ಲರಿಗೂ ಕಾಣುವಂತೆ ಒಂದು ಚಿಟಿಕೆ ಎತ್ತಿಕೊಂಡು, ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದರು.

"ಅತ್ತ್ಯಾರ, ಖೋಟಾ ಮಾಲು ದೇವರಿಗೆ?" ಅಂದೆ ನಾನು, ಬಾಯಿ ಸುಮ್ಮನಿರಬೇಕಲ್ಲ.

"ದೇವರು ನುಂಗತಾನ ಬೇ, ಬಸುರಿ ನುಂಗಬಾರದು. ನನ್ನ ಟ್ರಂಕಿನಾಗಿನ ಕೇಸರಿ ತಾ. ಹಾಲಿಗೆ ಬಣ್ಣ ಏರೂತನಾ ಹೊರಗ ಹಾಡು ನಿಲ್ಲಬಾರದು. ಹೋಗು, ನೀನs ಹಾಡು."

ನನ್ನ ದನಿ ಕೇಳಿದರೆ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸುತ್ತದೆ. ಆದರೂ ಹೋದೆ. ಒಂದು ಹಾಡು ಮುಗಿಸಿ ಇನ್ನೊಂದು ಎಳೆದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಯಾರಿಗೂ ಹಾಲಿನ ನೆನಪೇ ಇರಲಿಲ್ಲ. ಅಷ್ಟರಲ್ಲಿ ಅತ್ತಿ ಬೆಳ್ಳಿ ಲೋಟ ಹಿಡಿದು ಬಂದರು. ಹಾಲು ಹೊಂಬಣ್ಣವಾಗಿತ್ತು. ಮಂಗಲಾ ಕುಡಿದಳು, ಸಾವಿತ್ರವ್ವ ಹೆಮ್ಮೆಯಿಂದ ಸುತ್ತ ನೋಡಿದರು.

ಊಟವಾಗಿ ಮಂದಿ ಕರಗಿದ ಮೇಲೆ ಅತ್ತಿ ಬೀಗತಿಯನ್ನು ಅಡಿಗೆಮನೆಗೆ ಕರೆದು ಮಣೆ ಹಾಕಿದರು. ಎರಡು ಬಟ್ಟಲು ತಣ್ಣೀರು. ಒಂದರಲ್ಲಿ ತಮ್ಮ ಕೇಸರಿ, ಇನ್ನೊಂದರಲ್ಲಿ ಜಗಲಿಯಿಂದ ತಂದದ್ದು. ಎರಡನೆಯ ಬಟ್ಟಲು ನೋಡನೋಡುತ್ತ ಕೆಂಪಾಯಿತು. ಸಾವಿತ್ರವ್ವನ ಮುಖವೂ.

"ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಂವ ಅಸಲಿ ಅಂತ ಆಣಿ ಮಾಡಿ ಕೊಟ್ಟಾನ್ರಿ ಅಕ್ಕಾರ. ನಾ ಎಲ್ಲಾರ ಮುಂದ ಬಟ್ಟಲಾ ತರಸ್ರಿ ಅಂತ..." ಅತ್ತುಬಿಟ್ಟರು.

"ಎಲ್ಲಾರ ಮುಂದ ಏನೂ ಆಗಿಲ್ಲಲಾ? ಅಳಬ್ಯಾಡ್ರಿ. ಮುಂದಿನ ಸಲ ಇಬ್ಬರೂ ಕೂಡಿ ನಿಪ್ಪಾಣಿಗೆ ಹೋಗೂಣು. ಇದನ್ನ ಹಿತ್ತಲಕ್ಕ ಚೆಲ್ಲವಾ ಸುಶೀಲಾ, ಎಮ್ಮಿ ಬಾಯಿಗೆ ಸಿಗದಂಗ."

ಕೂಸು ಹುಟ್ಟಿತು, ಅಸಲಿ ಕೇಸರಿ ಕುಡಿದರೂ ಅಜ್ಜನಂತೆ ಕರ್ರಗೆ, ಗುಂಡಗೆ. ಬೆಳ್ಳಗಿನ ಮೊಮ್ಮಗನ ಆಸೆಯಲ್ಲಿದ್ದ ಸಾವಿತ್ರವ್ವ ಕೂಸಿನ ಕಿವಿ ಮಡಚಿ ಬಣ್ಣ ನೋಡಿದರು. ಅತ್ತಿ ಕೂಸನ್ನು ಎತ್ತಿ ಅವರ ಮಡಿಲಿಗೆ ಹಾಕಿ, "ಅಸಲಿ ಮಾಲು ಐತ್ರಿ ಬೀಗರ, ಎಷ್ಟ ಹಾಲಾಗ ನೆನಸಿದ್ರೂ ತನ್ನ ಬಣ್ಣ ಬಿಟ್ಟಿಲ್ಲ ನೋಡ್ರಿ!" ಎಂದರು. ಸಾವಿತ್ರವ್ವ ನಕ್ಕ ನಗುವಿಗೆ ಕೂಸು ಬೆಚ್ಚಿ ಅತ್ತಿತು. ಅಂದಿನಿಂದ ಮಂಗಲಾ ಆ ಮನೆಯಲ್ಲಿ ಸೊಸೆಯಲ್ಲ, ಮಗಳು. ಪ್ರತಿ ಯುಗಾದಿಗೆ ಬೀಗತಿಯರಿಬ್ಬರೂ ಒಂದೇ ಬಟ್ಟಲಿನ ಮೇಲೆ ಬಗ್ಗಿ ಕುಳಿತು ನಿಪ್ಪಾಣಿಯ ಅಂಗಡಿಯವನ ಬೆವರಿಳಿಸತೊಡಗಿದರು. ಎಂಥ ಹೆಂಗಸು ನಮ್ಮತ್ತಿ! ಅವರಷ್ಟು ಚೊಕ್ಕ ಮನಸ್ಸನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ತೊಂಬತ್ತರ ದಶಕ ಮುಗಿಯುವ ಮೊದಲೇ ಅತ್ತಿ ಹೋದರು. ದಿನಕರ್ಮದ ಎಡೆಗೆ ಅವರಿಗೆ ಇಷ್ಟವೆಂದು ಶ್ರೀಖಂಡ ಮಾಡಿದ್ದೆವು. ಸಾವಿತ್ರವ್ವ ಉಗಾರದಿಂದ ಕೇಸರಿ ತಂದಿದ್ದರು. ಎಡೆ ಬಡಿಸಲು ಹೋದ ನನ್ನ ಕೈ ಹಿಡಿದು ತಡೆದರು.

"ತಡಿ ಸುಶೀಲಾ. ಬಟ್ಟಲಾ ತಾ."

"ಮಂದಿ ಹಸಗೊಂಡ ಕುಂತಾರ‍್ರಿ," ಅಂದರು ಯಾರೋ.

"ಕುಂದರ್ಲಿ. ಅಕ್ಕಾರ ಮುಂದ ಖೋಟಾ ಇಟ್ಟರ ಎದ್ದ ಬಂದಾರು."

ಅತ್ತಿಯ ಫೋಟೋದ ಎದುರು ಬಿಳಿ ಬಟ್ಟಲು ಇಟ್ಟುಕೊಂಡು, ಎರಡೆಳೆ ನೀರಿಗೆ ಬಿಟ್ಟು, ಆ ಮಾನಿಷ್ಠೆ ಹೆಂಗಸು ನೆಲದ ಮೇಲೆ ಕುಳಿತರು. ಮನೆಯೆಲ್ಲ ಕಾಯಿತು. ಸಾವಕಾಶವಾಗಿ ನೀರು ಹಳದಿಯಾಯಿತು, ಎಳೆ ಕೆಂಪಾಗಿಯೇ ಉಳಿಯಿತು. ಸಾವಿತ್ರವ್ವ ಒಂದೆಳೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಫೋಟೋದ ಕಡೆ ನೋಡಿದರು.

"ಕಹಿ ಐತ್ರಿ ಅಕ್ಕಾರ," ಎಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಎಡೆ ಬಡಿಸಿದೆ.