ನಡುಮನೆಗೆ ನಡೆದು ಬಂದ ಮಷೀನು

ಯಾರ ಮನೆಯ ಬಟ್ಟೆ ಎಷ್ಟು ಕೊಳೆಯಾಗಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿದ್ದ ಕಾಲ ಅದು. ರಾಜಗೋಪಾಲನಗರದ ನಮ್ಮ ವಠಾರದಲ್ಲಿ ಆರು ಮನೆ, ಆರಕ್ಕೂ ಸೇರಿ ಒಂದೇ ಒಗೆಯುವ ಕಲ್ಲು. ಬೆಳಗ್ಗೆ ಏಳಕ್ಕೆ ಶುರುವಾದ ದಬದಬ ಸದ್ದು ಹತ್ತಾದರೂ ನಿಲ್ಲುತ್ತಿರಲಿಲ್ಲ. ಬಾರ್ ಸೋಪಿನ ವಾಸನೆ, ಕಾರ್ಖಾನೆ ಎಣ್ಣೆಯ ವಾಸನೆ, ಯಾರದೋ ಮನೆಯ ಚಿತ್ರಾನ್ನದ ಒಗ್ಗರಣೆಯ ವಾಸನೆ ಎಲ್ಲ ಒಂದಾಗಿ ಮೂಗಿಗೆ ಬರುತ್ತಿತ್ತು. ನಾವು ಹುಡುಗಿಯರು ಕಲ್ಲಿನಿಂದ ಹರಿದು ಬರುವ ನೊರೆಯಲ್ಲಿ ಕಾಗದದ ದೋಣಿ ಬಿಟ್ಟು, ಒದ್ದೆ ಲಂಗದಲ್ಲೇ ಶಾಲೆಗೆ ಓಡುತ್ತಿದ್ದೆವು.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹೊಸ ಮಷೀನು ಬಂದರೆ ಅದನ್ನು ನೆಲಕ್ಕೆ ಕೂರಿಸಿ, ಮಟ್ಟ ಮಾಡಿ, ಅಲ್ಲಾಡದಂತೆ ಬಿಗಿದು ಕೊಡುವುದು ಅವನ ಕೆಲಸ. ತಾನು ಕೂರಿಸಿದ ಮಷೀನು ಓಡುತ್ತಿರುವಾಗ ಅದರ ಮೇಲೆ ತುಂಬಿದ ಕಾಫಿ ಲೋಟ ಇಟ್ಟರೂ ಒಂದು ಹನಿ ಚೆಲ್ಲುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಬೇರೆಯವರೂ ಹಾಗೇ ಹೇಳುತ್ತಿದ್ದರೆನ್ನಿ. ವಠಾರದವರ ಬಾಯಲ್ಲಿ ಅವನ ಹೆಸರೇ ಫಿಟ್ಟರಣ್ಣ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ಆಯುಧ ಪೂಜೆಯ ದಿನ ಕಾರ್ಖಾನೆಯಲ್ಲಿ ಲಕ್ಕಿ ಡಿಪ್ ಇಟ್ಟಿದ್ದರು. ಪ್ರತಿ ವರ್ಷ ಎಲ್ಲರಿಗೂ ಒಂದು ಸ್ಟೀಲ್ ಡಬ್ಬಿ, ಅರ್ಧ ಕೇಜಿ ಸ್ವೀಟು ಕೊಟ್ಟು ಕಳಿಸುತ್ತಿದ್ದವರು ಆ ಸಲ ಮೊದಲ ಬಹುಮಾನ ಅಂತ ವಾಷಿಂಗ್ ಮಷೀನು ಇಟ್ಟಿದ್ದರು. ಬಟ್ಟೆ ಒಗೆಯುವುದಷ್ಟೇ ಅಲ್ಲ, ಬಿಸಿಗಾಳಿಯಲ್ಲಿ ಒಣಗಿಸಿಯೂ ಕೊಡುವಂಥದ್ದು. ಚೀಟಿ ಎತ್ತಿದಾಗ ಬಂದದ್ದು ಅಪ್ಪನ ಹೆಸರು. ಮಾರನೇ ದಿನ ಬೆಳಗ್ಗೆ ಲಗೇಜ್ ಆಟೋದಲ್ಲಿ ಆ ದೊಡ್ಡ ಪೆಟ್ಟಿಗೆ ವಠಾರದ ಗೇಟಿನೊಳಗೆ ಬಂದಾಗ ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಅಮ್ಮನಿಗೆ ಮಾತ್ರ ಒಣಗಿಸುವ ವಿಚಾರ ಹಿಡಿಸಲಿಲ್ಲ. "ಬಿಸಿಲಿಗೇನು ಬರ ಬಂದಿದ್ಯಾ? ತಾರಸಿ ಮೇಲೆ ಹಾಕಿದ್ರೆ ಒಣಗಲ್ವಾ?" ಅಂದಳು. ಆದರೂ ಎಣ್ಣೆ ಬಟ್ಟೆ ಉಜ್ಜಿ ಉಜ್ಜಿ ಸೀಳು ಬಿಟ್ಟಿದ್ದ ಬೆರಳಿನಿಂದ ಆ ಪೆಟ್ಟಿಗೆಯನ್ನು ಎರಡು ಸಲ ಸವರಿದ್ದು ನಾನು ನೋಡಿದೆ.

ಕಂಪನಿಯ ಹುಡುಗ ಬಂದು ಫಿಟ್ ಮಾಡಿಕೊಡುತ್ತಾನೆ, ಮೂರು ದಿನ ಕಾಯಿರಿ ಎಂದು ಪೆಟ್ಟಿಗೆ ತಂದವರು ಹೇಳಿ ಹೋದರು. ಅಪ್ಪನಿಗೆ ಅದು ಬೈಗುಳದಂತೆ ಕೇಳಿಸಿತು.

"ಇನ್ಯಾವನೋ ಬಂದು ನಮ್ಮನೇಲಿ ಮಷೀನ್ ಕೂರಿಸೋದಾ? ನಾಳೆ ಫ್ಯಾಕ್ಟ್ರಿಲಿ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ?"

"ಮೂರು ದಿನ ತಾನೇ, ಸ್ವಲ್ಪ ತಡ್ಕೊಳ್ರೀ," ಅಂದಳು ಅಮ್ಮ.

"ನೀನು ಆರತಿ ತಟ್ಟೆ ರೆಡಿ ಮಾಡು ಸಾಕು."

ಬಚ್ಚಲು ಚಿಕ್ಕದು. ಅಡುಗೆಮನೆಯ ಮೂಲೆಯೇ ಮಷೀನಿಗೆ ಜಾಗವಾಯಿತು. ಬಚ್ಚಲ ನಲ್ಲಿಯಿಂದ ಅಲ್ಲಿಯವರೆಗೆ ಉದ್ದಕ್ಕೆ ಪೈಪು, ನಡುಮನೆಯ ಪ್ಲಗ್ಗಿನಿಂದ ಅಲ್ಲಿಯವರೆಗೆ ಉದ್ದಕ್ಕೆ ವೈರು. ಅಪ್ಪ ರಸಮಟ್ಟ ಇಟ್ಟು, ಒಂದು ಕಾಲಿನ ಕೆಳಗೆ ತಗಡಿನ ಚೂರು ಕೊಟ್ಟು, ಗುಳ್ಳೆ ಸರಿಯಾಗಿ ನಡುವೆ ಬರುವವರೆಗೂ ಬಿಡಲಿಲ್ಲ. ಆಮೇಲೆ ಮಷೀನಿನ ಬೆನ್ನು ತಡವಿದ. ಅಲ್ಲಿ ನಾಲ್ಕು ಬೋಲ್ಟುಗಳಿದ್ದವು.

"ನೋಡ್ದಾ, ಯಾವನೋ ಅರ್ಧಂಬರ್ಧ ಟೈಟ್ ಮಾಡಿ ಕಳ್ಸವ್ನೆ," ಎಂದು ದೊಡ್ಡ ಸ್ಪಾನರ್ ತೆಗೆದ.

ಪೆಟ್ಟಿಗೆಯಲ್ಲಿದ್ದ ಪುಸ್ತಕ ನನ್ನ ಕೈಯಲ್ಲಿತ್ತು. ಅದರಲ್ಲಿ ಅದೇ ನಾಲ್ಕು ಬೋಲ್ಟುಗಳ ಚಿತ್ರ. "ಅಪ್ಪ, ಇಲ್ಲಿ ಬಾಣದ ಗುರುತು ಹೊರಗಡೆಗೆ ಇದೆ. ಬಿಚ್ಚಬೇಕು ಅನ್ಸುತ್ತೆ," ಅಂದೆ.

"ಅದು ರಿಪೇರಿ ಮಾಡೋವಾಗ ಕಣೆ. ಪುಸ್ತಕ ಓದಿ ಮಷೀನ್ ಕೂರ್ಸೋರು ಆಫೀಸ್‌ನೋರು," ಎಂದು ನಾಲ್ಕನ್ನೂ ಹಲ್ಲು ಕಚ್ಚಿ ಬಿಗಿದ. ಅಪ್ಪ ಬಿಗಿದ ಬೋಲ್ಟು ಅಂದಮೇಲೆ ಮುಗಿಯಿತು.

ಸಂಜೆ ಐದಕ್ಕೆ ವಠಾರವೆಲ್ಲ ನಮ್ಮ ನಡುಮನೆಯಲ್ಲಿ. ಎದುರುಮನೆ ಶರಣವ್ವ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಮುಂದೆಯೇ ನಿಂತಿದ್ದಳು. ಕಲಬುರಗಿ ಕಡೆಯವಳು, ಬಾಯಿಗೆ ಬಂದದ್ದನ್ನು ಆಡಿಯೇ ತೀರುವವಳು. ಪಕ್ಕದ ಮನೆ ಮುನಿರಾಜಣ್ಣ ಬಾಗಿಲಿಗೆ ಒರಗಿಕೊಂಡಿದ್ದ. ಅವನೂ ಅಪ್ಪನ ಕಾರ್ಖಾನೆಯಲ್ಲೇ ಆಪರೇಟರ್. ಅವನ ಕಿವಿಗೆ ಬಿದ್ದ ಮಾತು ಮಾರನೇ ದಿನ ಕ್ಯಾಂಟೀನಿನಲ್ಲಿ ಇರುತ್ತಿತ್ತು.

ಅಮ್ಮ ಮಷೀನಿನ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದಳು. ಅಪ್ಪ ಲಾರಿಯ ಚಕ್ರಕ್ಕೆ ಇಡುವ ಹಾಗೆ ನಾಲ್ಕು ಕಾಲಿನ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟ. ಮೊದಲ ಒಗೆತಕ್ಕೆ ಎಣ್ಣೆ ಬಟ್ಟೆ ಕೂಡದೆಂದು ಅಪ್ಪನ ಬಿಳಿ ಪಂಚೆ, ನನ್ನ ಶಾಲೆಯ ಯೂನಿಫಾರಂ ಒಳಗೆ ಹೋದವು. ಕೊನೆಗೆ ಅಪ್ಪ ಎಲ್ಲರಿಗೂ ಕಾಣುವಂತೆ ತುಂಬಿದ ಕಾಫಿ ಲೋಟವನ್ನು ಮಷೀನಿನ ತಲೆಯ ಮೇಲೆ ಇಟ್ಟು ಸ್ವಿಚ್ ಹಾಕಿದ.

ಅರ್ಧ ಗಂಟೆ ಎಲ್ಲ ಸರಿಯಾಗಿಯೇ ನಡೆಯಿತು. ಗಾಜಿನ ಬಾಗಿಲಿನೊಳಗೆ ಪಂಚೆಯೂ ನನ್ನ ಲಂಗವೂ ಉರುಳುವುದನ್ನು ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡಿದೆವು. ಕಾಫಿ ಚೆಲ್ಲಲಿಲ್ಲ. ಅಪ್ಪ ಮುನಿರಾಜಣ್ಣನ ಕಡೆ ತಿರುಗಿ ಮೀಸೆ ಸವರಿಕೊಂಡ. ಆಮೇಲೆ ನೀರು ಹೊರಹೋಗಿ, ಬಟ್ಟೆ ಹಿಂಡುವುದಕ್ಕೆ ಒಳಗಿನ ಡ್ರಮ್ಮು ವೇಗವಾಗಿ ತಿರುಗತೊಡಗಿತು. ಮಷೀನು ಮೊದಲು ನಡುಗಿತು. ಕಾಫಿ ಲೋಟ ಹಾರಿ ಗೋಡೆಗೆ ಬಡಿಯಿತು. ಆಮೇಲೆ ಮಷೀನು ಎದ್ದೆದ್ದು ಕುಣಿಯುತ್ತಾ, ಮುಂದಿದ್ದ ಎರಡು ನಿಂಬೆಹಣ್ಣುಗಳನ್ನು ತಾನೇ ತುಳಿದುಕೊಂಡು, ಹಾರ ಸಮೇತ ನಡುಮನೆಯ ಕಡೆ ಹೊರಟಿತು.

"ಯಪ್ಪಾ, ನಿಂಬಿಹಣ್ಣ ತುಳದು ಹೊಂಟದ ನೋಡ್ರೀ," ಅಂದಳು ಶರಣವ್ವ, ಹಿಂದೆ ಸರಿಯುತ್ತಾ. "ಇನ್ನ ಮೆಜೆಸ್ಟಿಕ್ ಮಟ ನಿಲ್ಲಂಗಿಲ್ಲ ಇದು."

ಅಪ್ಪ ಓಡಿಹೋಗಿ ಮಷೀನನ್ನು ತಬ್ಬಿ ಹಿಡಿದ. ಅದು ಅವನನ್ನೂ ಸೇರಿಸಿಕೊಂಡೇ ಕುಣಿಯಿತು. "ಸ್ವಿ-ಸ್ವಿ-ಸ್ವಿಚ್" ಎಂದು ಅವನ ಹಲ್ಲು ಕಟಕಟಿಸುತ್ತಿತ್ತು. ನಾನು ಬಿದ್ದು ಬಿದ್ದು ನಗುತ್ತಾ ಹೋಗಿ ಪ್ಲಗ್ ಕಿತ್ತೆ.

ಮಷೀನು ನಡುಮನೆಯ ಹೊಸ್ತಿಲಲ್ಲಿ ನಿಂತಿತು. ಮುನಿರಾಜಣ್ಣ ಕಣ್ಣೊರೆಸಿಕೊಳ್ಳುತ್ತಾ, "ಫಿಟ್ಟರಣ್ಣ, ಇದಕ್ಕೊಂದು ಹಗ್ಗ ತಂದು ಕಟ್ಟಾಕ್ಬಿಡು," ಅಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವನ ಮುಖ ನೋಡಿದ ಮೇಲೆ ನನಗೂ ನಗು ನಿಂತುಹೋಯಿತು.

ಎರಡು ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಕ್ಯಾಂಟೀನಿನಲ್ಲಿ ಅವನ ಮುಂದೆ ಯಾರೋ ನಿಂಬೆಹಣ್ಣು ಇಟ್ಟರಂತೆ. "ಮಾಲೇ ಸರಿಯಿಲ್ಲ, ವಾಪಸ್ ಕಳಿಸ್ತೀನಿ," ಎನ್ನುತ್ತಿದ್ದ. ಅಮ್ಮ ಮತ್ತೆ ಕಲ್ಲಿನ ಹತ್ತಿರ ಹೋಗಿ ಕೂತಳು.

ಮೂರನೇ ದಿನ ಕಂಪನಿಯ ಹುಡುಗ ಬಂದ. ವಠಾರದವರು ಬಿಡುತ್ತಾರೆಯೇ, ಅವರೂ ಬಂದರು. ಹುಡುಗ ಹಿಂದೆ ಬಗ್ಗಿ ನೋಡಿದವನೇ ತಲೆ ಎತ್ತಿದ.

"ಸಾರ್, ಲಾರಿಲಿ ಬರೋವಾಗ ಒಳಗಿನ ಡ್ರಮ್ ಅಲ್ಲಾಡ್ದೆ ಇರ್ಲಿ ಅಂತ ಹಾಕಿರೋ ಬೋಲ್ಟ್ ಇವು. ಓಡ್ಸೋಕೆ ಮುಂಚೆ ಬಿಚ್ಚಬೇಕು. ಯಾರು ಸಾರ್ ಇದನ್ನ ಇಷ್ಟು ಟೈಟ್ ಮಾಡಿದ್ದು?"

ಮುನಿರಾಜಣ್ಣ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದ. ಅಪ್ಪ ನೆಲ ನೋಡುತ್ತಿದ್ದ. ಆಗ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಇನ್ಯಾರು, ಇವಳೇ. ಅವ್ರು ಆ ಕಡೆ ಹೋಗಿದ್ದೇ ತಡ, ಸ್ಪಾನರ್ ಹಿಡ್ಕೊಂಡು ಏನೋ ತಿರುಗಿಸ್ತಿದ್ಲು," ಎಂದು ನನ್ನ ಕಡೆ ಕೈ ತೋರಿಸಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಣದ ಗುರುತು ತೋರಿಸಿದವಳು ನಾನು. ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಒಂದು ಸಲ ನನ್ನನ್ನು ನೋಡಿದ. ಅಪ್ಪ ಯಾರನ್ನೂ ಹಾಗೆ ಬೇಡುವವನಂತೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಹೂಂ, ನಾನೇ," ಅಂದೆ.

ಹುಡುಗ ತನ್ನ ಸ್ಪಾನರ್ ಹಾಕಿ ತಿರುಗಿಸಿದ. ಬೋಲ್ಟು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿದ, ಮುಖ ಕೆಂಪಾಯಿತು.

"ಆರನೇ ಕ್ಲಾಸ್ ಹುಡುಗಿ ಇಷ್ಟು ಬಿಗಿದ್ಲಾ?" ಅಂದ ಮುನಿರಾಜಣ್ಣ.

"ಯಾಕ, ಫಿಟ್ಟರ್ ಮಗಳಲ್ಲೇನು?" ಅಂದಳು ಶರಣವ್ವ. ಅವಳಿಗೆ ಎಲ್ಲ ಗೊತ್ತಾಗಿತ್ತು, ಅವಳ ಕಣ್ಣೇ ಹೇಳುತ್ತಿತ್ತು.

"ಈಚೆ ಬಾರಪ್ಪ," ಎಂದು ಅಪ್ಪ ತನ್ನ ದೊಡ್ಡ ಸ್ಪಾನರ್ ತಂದ. ಒಂದೊಂದಕ್ಕೆ ಒಂದೊಂದೇ ಎಳೆತ. ನಾಲ್ಕೂ ಬೋಲ್ಟು ಬಿಚ್ಚಿ ಹುಡುಗನ ಕೈಗೆ ಹಾಕಿದ. "ಅಬ್ಬಾ, ಏನ್ ಕೈ ಸಾರ್ ನಿಮ್ದು," ಅಂದ ಹುಡುಗ. ಆ ಮಾತು ಕ್ಯಾಂಟೀನಿಗೂ ಹೋಯಿತು.

ಮಷೀನು ಮತ್ತೆ ಓಡಿತು. ಅಪ್ಪ ಕಾಫಿ ಲೋಟ ಇಟ್ಟ. ಒಂದು ಹನಿಯೂ ಚೆಲ್ಲಲಿಲ್ಲ. ಕೊನೆಗೆ ಬಾಗಿಲು ತೆರೆದಾಗ ಬಟ್ಟೆಗಳು ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿಯಷ್ಟು ಬೆಚ್ಚಗಿದ್ದವು. ಹೊರಗೆ ಜಡಿಮಳೆ. ನಾವು ಮಕ್ಕಳೆಲ್ಲ ಒಬ್ಬರಾದ ಮೇಲೊಬ್ಬರು ಪಂಚೆಯಲ್ಲಿ ಮುಖ ಹುದುಗಿಸಿದೆವು, ಶರಣವ್ವನ ಕೂಸನ್ನು ಅದರಲ್ಲೇ ಸುತ್ತಿದೆವು. ಅಮ್ಮನೂ ಎರಡು ಕೈಯನ್ನು ಅದರೊಳಗೆ ಇಟ್ಟುಕೊಂಡು ಸುಮಾರು ಹೊತ್ತು ಕೂತಿದ್ದಳು. ಬಿಸಿಲಿನ ಮಾತು ಎತ್ತಲಿಲ್ಲ.

ಆ ಸಂಜೆ ಅಪ್ಪ ಬೇಕರಿಯಿಂದ ನನಗೊಬ್ಬಳಿಗೇ ಎರಡು ಪೀಸ್ ಹನಿ ಕೇಕ್ ತಂದ. "ನಿನ್ನ ಕೈ ಗಟ್ಟಿ ಕಣೆ," ಅಂದ, ಅಷ್ಟೇ. ವಠಾರ ಬಿಡುವವರೆಗೂ ನನ್ನ ಹೆಸರು ಚಿಕ್ಕ ಫಿಟ್ಟರು.

ಈಗ ಆ ವಠಾರವಿಲ್ಲ, ಒಗೆಯುವ ಕಲ್ಲೂ ಇಲ್ಲ. ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಶರಣವ್ವ ಎಲ್ಲಿದ್ದಾಳೋ, ನಾವು ಸುತ್ತಿದ ಕೂಸು ಎಷ್ಟು ಎತ್ತರವಾಗಿದೆಯೋ ಗೊತ್ತಿಲ್ಲ. ಮೊನ್ನೆ ಬ್ರೂಕ್‌ಫೀಲ್ಡಿನ ನನ್ನ ಫ್ಲಾಟಿಗೂ ಅಂಥದ್ದೇ ಮಷೀನು ಬಂತು. ಕೂರಿಸುವವನು ಬಂದು ಹತ್ತು ನಿಮಿಷದಲ್ಲಿ ನಾಲ್ಕು ಬೋಲ್ಟು ಬಿಚ್ಚಿಟ್ಟು ಹೋದ. ನಾನು ಬಾಗಿಲು ಹಾಕಿಕೊಂಡು, ಕಾಫಿ ಲೋಟ ಮೇಲಿಟ್ಟು, ಒಬ್ಬಳೇ ನಿಂತು ನೋಡಿದೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ.

"ಬೋಲ್ಟ್ ಬಿಚ್ಚಿದ್ನಾ?" ಅಂತಲೇ ಶುರು ಮಾಡಿದ ಅಪ್ಪ.

"ಬಿಚ್ಚಿದ."

"ಕುಣೀತಾ?"

"ಇಲ್ಲಪ್ಪ. ಸದ್ದೇ ಇಲ್ಲ. ಕಾಫಿ ಒಂದು ಹನೀನೂ ಚೆಲ್ಲಲಿಲ್ಲ."

"ಅಂಗಾದ್ರೆ ನೋಡೋಕೆ ಯಾರೂ ಬಂದಿರಲ್ಲ ಬಿಡು," ಅಂದ ಅಪ್ಪ.