ದೀಪ ಹಚ್ಚುವ ಹೊತ್ತು

ಔರಾದಿನಲ್ಲಿ ಸೋದರಮಾವನ ಮಗನ ಮದುವೆ. ರಾತ್ರಿಯ ಊಟ ಮುಗಿಯುವಾಗ ಕರೆಂಟು ಹೋಯಿತು. ಕೈ ತೊಳೆಯಲು ಎದ್ದವನು ಒಲೆಗೆಂದು ತೋಡಿದ್ದ ಗುಂಡಿಯಲ್ಲಿ ಬಿದ್ದೆ. ಒಲೆ ಆರಿ ತಣ್ಣಗಾಗಿತ್ತು, ಪುಣ್ಯ.

"ಹುಣ್ಣಿವಿ ಬೆಳಕದ. ಇಷ್ಟ ದೊಡ್ಡ ಗುಂಡಿ ಕಾಣಲಿಲ್ಲೇನ್ರಿ ಸಾವ್ಕಾರ್ರ?" ಮಂದಿ ನಕ್ಕರು.

ನನಗೆ ಕಾಣಲಿಲ್ಲ.

ನಲವತ್ತು ದಾಟುವವರೆಗೆ ಇದು ಗೊತ್ತಾಗದಿದ್ದುದಕ್ಕೆ ಕಾರಣವಿದೆ. ಭಾಲ್ಕಿಯ ಬಜಾರಿನಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ಹಾಕುವ ಬಟ್ಟೆ ಅಂಗಡಿ ನಮ್ಮದು. ದೀಪ ಹಚ್ಚುವುದರೊಳಗೆ ಮನೆ ಸೇರಬೇಕು. ಮುತ್ಯಾ, ಅಪ್ಪನ ಅಪ್ಪ, ಮಾಡಿದ ಕಟ್ಟಳೆ ಅದು. ರಜಾಕಾರರ ಹಾವಳಿಯಲ್ಲಿ ಊರಿಗೆ ಊರೇ ಓಡಿದಾಗ ಅವನು ಎದೆಗಾರ, ಮನೆ ಕಾಯ್ದು ಕುಳಿತನಂತೆ. ಸುಟ್ಟ ಮನೆಗಳ ಹೊಗೆಗೆ ಅವನ ಕಣ್ಣು ಹೋದವಂತೆ. ಪೊಲೀಸ್ ಆಕ್ಷನ್ ಆಯಿತು, ನಿಜಾಮನ ರಾಜ್ಯವೇ ಹೋಯಿತು, ಕಟ್ಟಳೆ ಮಾತ್ರ ಉಳಿಯಿತು. ಅಪ್ಪನೂ ಸಾಯುವವರೆಗೆ ಪಾಲಿಸಿದ.

ಬೀದರದ ಕಣ್ಣಿನ ಡಾಕ್ಟರ್ ಹೈದರಾಬಾದಿಗೆ ಕಳಿಸಿದರು. ಇಆರ್‌ಜಿ ಟೆಸ್ಟು. ಕತ್ತಲ ಕೋಣೆಯಲ್ಲಿ ಕೂರಿಸಿದರು. ಹನಿ ಹಾಕಿ, ಕೆಳರೆಪ್ಪೆಯ ಒಳಗೆ ಕೂದಲಿನಂಥ ತಂತಿ ಇಟ್ಟರು. ಬೆಳಕು ಮಿಂಚಿಸಿದರು. ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಹುಟ್ಟುವ ಕರೆಂಟನ್ನು ಮಷೀನು ಗೆರೆಯಾಗಿ ಬರೆಯುತ್ತದೆ. ಒಳ್ಳೆಯ ಕಣ್ಣಿನ ಗೆರೆ ಇಳಿದು ಏಳುತ್ತದೆ.

ನನ್ನದು ಮಲಗಿತ್ತು.

"ರೆಟಿನೈಟಿಸ್ ಪಿಗ್ಮೆಂಟೋಸಾ," ಎಂದರು ಅಲ್ಲಿನ ಡಾಕ್ಟರ್, ಅವರೂ ನಮ್ಮ ಕಡೆಯವರೇ. "ಮೊದಲ ಕತ್ತಲದಾಗ ಕಾಣಂಗಿಲ್ಲ. ಆಮ್ಯಾಲ ಬದಿಗಿಂದು ಕಾಣೂದು ಹೋಗ್ತದ. ಇದು ವಂಶದಾಗ ಬರೂದ್ರಿ. ಮನ್ಯಾಗ ಯಾರಿಗರ ಇತ್ತೇನು?"

"ಇಲ್ರಿ. ಮುತ್ಯಾನ ಕಣ್ಣು ಹೊಗಿಗೆ ಹೋಗಿದ್ವು."

"ಹೊಗಿ ಹಿಂಗ ಮಾಡಂಗಿಲ್ರಿ."

"ಔಷಧಾ?"

"ರಿಸರ್ಚ್ ನಡದದ. ನಿಮ್ಮದಕ್ಕ ಸದ್ಯಕ್ಕ ಇಲ್ಲ. ಮಕ್ಕಳನ್ನ ಕರ್ಕೊಂಡ್ ಬರ್ರಿ."

ನನಗಿರುವುದು ಒಬ್ಬಳೇ ಮಗಳು ಸುಧಾ. ಹತ್ತನೇ ಕ್ಲಾಸು. ನನ್ನ ಕಣ್ಣಿಗೆ ಬಾರದ ನೀರು ಅವಳ ಹೆಸರಿಗೆ ಬಂತು.

ಮನೆಗೆ ಬಂದವನೇ ಮುತ್ಯಾನ ಕಣ್ಣಿನ ಬಗ್ಗೆ ಆಯಿಯನ್ನು ಕೇಳಿದೆ. ತೊಂಬತ್ತರ ಹತ್ತಿರದ ಮುದುಕಿ, ಮುತ್ಯಾನ ಹೆಂಡತಿ. ಸೆರಗಿನ ತುದಿ ತಿರುವುತ್ತ ಹೇಳಿದಳು.

"ನಾ ಸೊಸಿಯಾಗಿ ಬಂದಾಗೇ ಅವರಿಗೆ ಸಂಜೀಕ ಕಾಣ್ತಿದ್ದಿಲ್ಲಪ್ಪ. ಊರ ಮಂದಿ ರಾತ್ರಿ ಹೊಲಾ ದಾಟಿ ಓಡಿದ್ರು. ಇವರು ಎಲ್ಲಿ ಓಡ್ತಾರ? ನಾ ಹ್ಯಾಂಗ ಬಿಟ್ಟ ಹೋಗ್ಲಿ? ಇಬ್ರೂ ಕುಂತೇವಿ. ಮುಂಜಾನಿ ಮಂದಿ ಗಟ್ಟಿ ಗಂಡಸು ಅಂದ್ರು. ನಾವೂ ಹೂಂ ಅಂದೇವಿ."

ಆ ಒಂದು ಹೂಂ ಮೂರು ತಲೆಮಾರು ನಡೆದು ಬಂದಿದೆ. ಕುರುಡನ್ನು ಕಟ್ಟಳೆ ಮಾಡಿ ಪೂಜಿಸಿದ್ದೇವೆ. ಮುತ್ಯಾನ ಮೇಲೆ ಸಿಟ್ಟಿಲ್ಲ, ಕಟ್ಟಳೆಯ ಮೇಲಿದೆ.

"ಹುಡುಗಿ ಲಗ್ನಾ ಆಗೂತನಾ ಬಾಯಿ ಮುಚ್ಚಿಕೊಂಡಿರು," ಎಂದ ಕಾಕಾ, ಅಪ್ಪನ ತಮ್ಮ. "ಇಷ್ಟ ದಿನಾ ನಡದಿಲ್ಲೇನು?"

ನಾನು ಬಾಯಿ ಮುಚ್ಚಲಿಲ್ಲ. ಅಂಗಡಿಗೆ ಹೊಸ ಟ್ಯೂಬ್‌ಲೈಟು ಹಾಕಿಸಿ ಕತ್ತಲಾದ ಮೇಲೂ ಬಾಗಿಲು ತೆರೆದಿಟ್ಟೆ. ಕೇಳಿದವರಿಗೆಲ್ಲ ಹೇಳಿದೆ: "ನನಗ ಇರುಳುಗಣ್ಣದ. ನಮ್ಮ ವಂಶದಾಗೇ ಅದ. ಬೀಗತನ ಮಾಡವ್ರು ತಿಳಿದೇ ಮಾಡ್ಲಿ."

ಸುಧಾಳ ಟೆಸ್ಟೂ ಆಯಿತು. ಅವಳ ಗೆರೆ ಗಿಡ್ಡ, ಆದರೆ ಇನ್ನೂ ಏಳುತ್ತದೆ. ವರ್ಷಕ್ಕೊಮ್ಮೆ ತೋರಿಸಬೇಕು. ಅಷ್ಟಾದರೂ ಇದೆಯಲ್ಲ ಎಂದುಕೊಂಡೆ, ಹಲ್ಲು ಕಚ್ಚಿಯೇ.

ನಿನ್ನೆ ಹೊತ್ತು ಮುಳುಗುವಾಗ ನಾನು ಕೋಲು, ಅವಳು ಟಾರ್ಚು ಹಿಡಿದು ಹೊರಟೆವು.

"ದೀಪಾ ಹಚ್ಚೂ ಹೊತ್ತಾತು, ಎಲ್ಲಿ ಹೊಂಟ್ರಿ?" ಎಂದ ಕಾಕಾ.

"ಅದಕ್ಕೇ ಹೊಂಟೀವಿ ಕಾಕಾ. ಕತ್ತಲದಾಗ ನಡಿಯೂದು ಕಲೀಬೇಕು."

ಆಯಿ ಆಗಷ್ಟೇ ಹಚ್ಚಿದ ದೀಪವನ್ನು ದೇವರ ಮುಂದಿನಿಂದ ಎತ್ತಿ ತಂದು ಹೊರಗಿನ ಕಟ್ಟೆಯ ಮೇಲಿಟ್ಟಳು.

"ಹೋಗಿ ಬರ್ರಿ," ಎಂದಳು. "ನಿಮ್ಮ ಮುತ್ಯಾಗ ಯಾರೂ ಕಲಿಸಲಿಲ್ಲ."